ಪಿಯಾನೊ ಟೀಚರು ಬೇಡ ಅಂದಾಗ

ಅವರ ಬೆರಳಿನ ಗೆಣ್ಣುಗಳು ಹಸಿಶುಂಠಿಯ ಹಾಗೆ ಊದಿಕೊಂಡಿದ್ದವು. ಪಾಠಕ್ಕೆ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಕೈಗೆ ಸುತ್ತಿಕೊಂಡು ಐದು ನಿಮಿಷ ಸುಮ್ಮನೆ ಕೂರುವರು. ಆಮೇಲೆ ನುಡಿಸಲು ಶುರುಮಾಡಿದರೆ, ಇವು ಅದೇ ಬೆರಳುಗಳಾ ಅನ್ನಿಸುತ್ತಿತ್ತು.

ನನ್ನ ಮಗಳಿಗೆ ಅವರು ಪಿಯಾನೊ ಟೀಚರು. ಎಂಬತ್ತರ ದಶಕದ ಮಾತು. ಅಮೆರಿಕದ ಸನ್ನಿವೇಲ್ ಊರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಹುಟ್ಟಿ ಬೆಳೆದದ್ದು ಜಪಾನಿನಲ್ಲಿ; ಅಲ್ಲಿಗೆ ಬಂದಿದ್ದ ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ, ಇನ್ನು ಈ ಹೊಸಿಲು ತುಳಿಯಬೇಡ ಅಂತ ಅಪ್ಪನ ಕೈಲಿ ಅನ್ನಿಸಿಕೊಂಡು ಬಂದವರು. ಗಂಡನಿಗೆ ವರ್ಗವಾದ ಕಡೆಗೆಲ್ಲ ಗಂಟುಮೂಟೆ ಕಟ್ಟಿ ಕಟ್ಟಿ ಸಾಕಾಗಿ ಇಲ್ಲಿ ನಿಂತಿದ್ದರು. ನಾನು ಕಾಣುವ ಹೊತ್ತಿಗೆ ಆ ಗಂಡ ಲಕ್ವ ಹೊಡೆದು ಒಳಕೋಣೆಯಲ್ಲಿ ಮಲಗಿದ್ದರು. ಟೀಚರು ಅವರಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಈಚೆ ಬಂದು ಪಾಠ ಹೇಳುವರು. ಮಕ್ಕಳು ತಪ್ಪಿದರೆ "ಮತ್ತೆ" ಅನ್ನುವರು, ಅಷ್ಟೇ. ದನಿ ಏರಿಸುವ ಶಕ್ತಿಯೂ ಉಳಿದಿರಲಿಲ್ಲ ಅಂತ ಕಾಣುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವರ ತಾಯಿ ಕದ್ದುಮುಚ್ಚದೆ ಕಾಗದ ಬರೆಯತೊಡಗಿದ್ದರಂತೆ. ಒಂದು ಬುಧವಾರ ತಂಗಿಯ ಕಾಗದ ಬಂತು: ಅಮ್ಮ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಾಳೆ. ಗಂಡನನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು? ಇದನ್ನು ಟೀಚರು ಕಿಟಕಿ ಕಡೆ ನೋಡುತ್ತ ಹೇಳಿಕೊಂಡರು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಆದರೆ ಅರ್ಥವಾಗದೆ ಏನು? ಆಫೀಸಿನಲ್ಲಿ ಎಂಟು ಗಂಟೆ ದುಡಿದು, ಇನ್ನು ಮನೆಗೆ ಹೋಗಿ ಸಾರಿಗೆ ಬೇಳೆ ಇಡಬೇಕಲ್ಲಪ್ಪಾ ಅಂತ ಕೂತಿದ್ದವಳು ನಾನು. ಆದರೂ ಬಾಯಿ ಬಿಟ್ಟೆ. "ಹತ್ತು ದಿನ ತಾನೇ, ರಜ ಹಾಕಿ ನಾನು ನೋಡ್ಕೋತೀನಿ. ನೀವು ಹೋಗಿಬನ್ನಿ."

"ಬೇಡ, ನಿಮಗ್ಯಾಕೆ ತೊಂದರೆ," ಅಂದರು.

ನಿಜ ಹೇಳಿಬಿಡುತ್ತೇನೆ. ಸದ್ಯ, ಬದುಕಿದೆ ಅನ್ನಿಸಿತು. ಆ ಮಾತನ್ನು ಅಲ್ಲಿಗೇ ಬಿಟ್ಟು ಮಗಳನ್ನು ಕರೆದುಕೊಂಡು ಮನೆಗೆ ಬಂದೆ.

ಮೂರು ವಾರಕ್ಕೆ ಆ ತಾಯಿ ಹೋಗಿಬಿಟ್ಟರು. ಸುದ್ದಿ ಬಂದ ದಿನವೂ ಟೀಚರು ಪಾಠ ತಪ್ಪಿಸಲಿಲ್ಲ. ಮುಗಿದ ಮೇಲೆ ನನಗೆ ವಿಷಯ ಹೇಳಿದರು. ಮರುದಿನ ಒಂದು ಡಬ್ಬಿ ಮೊಸರನ್ನ ತೆಗೆದುಕೊಂಡು ಹೋದೆ. ಬೇಡ ಅಂದರು. ಒಂದು ತುತ್ತಾದರೂ ತಿನ್ನಿ ಅಂದೆ. ಮತ್ತೆ ಬೇಡ ಅಂದರು. ಬಡಿಸುವುದರಲ್ಲಿ ನಾವು ಮೈಸೂರಿನವರು ಅಷ್ಟಕ್ಕೆಲ್ಲ ಬಿಡುತ್ತೇವೆಯೇ? ತಟ್ಟೆಗೆ ಹಾಕಿ ಕೈಗೇ ಕೊಟ್ಟೆ. ಇಸಕೊಂಡು ನಾಲ್ಕು ತುತ್ತು ತಿಂದರು. ಆಮೇಲೆ ಮೆಲ್ಲಗೆ ಹೇಳಿದರು.

"ನಮ್ಮ ಕಡೆ ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲಕ್ಕೆ ಒಪ್ಕೋಬೇಕು. ಅವತ್ತು ನೀವು ಮತ್ತೆ ಕೇಳ್ತೀರಿ ಅಂತ ಕಾದೆ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಮ್ಮ ಕಡೆಯೂ ಹಾಗೇ ಅಂತ ಹೇಳದೆ, ಡಬ್ಬಿ ತೊಳೆದುಕೊಂಡು ಮನೆಗೆ ಬಂದೆ.

ಗಂಡ ಹೋದ ಮರುವರ್ಷವೇ ಟೀಚರೂ ಹೋದರು, ತವರು ನೋಡದೆಯೇ. ನಾನು ಕೊಡಬಹುದಾಗಿದ್ದ ಆ ಹತ್ತು ದಿನ ಇನ್ನೂ ನನ್ನ ತಲೆಯ ಮೇಲೆಯೇ ಇವೆ.