ಬೊಂಬೆ ತೋಟದ ಹನ್ನೊಂದು ಜೋಡಿ ಕಣ್ಣು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಊರಿನ ಹೆಸರು ಹೇಳದೆ "ಬೊಂಬೆ ತೋಟ ಒಂದು" ಎಂದರೆ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಟಿ.ವಿ. ಇದ್ದ ಮನೆಯ ಕಿಟಕಿಗೆ ಊರ ಮಕ್ಕಳೆಲ್ಲ ಜೋತುಬೀಳುತ್ತಿದ್ದೆವು, ಏಳನೇ ಕ್ಲಾಸಿಗೇ ಪಬ್ಲಿಕ್ ಪರೀಕ್ಷೆ ಬರೆಯುತ್ತಿದ್ದೆವು, ಕಾಡಂಚಿನ ರಸ್ತೆಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ತಡಕುತ್ತಿದ್ದರು. ನನ್ನ ವಯಸ್ಸಿನವರು ಯಾರಾದರೂ ಆಗ ಆ ರಸ್ತೆಯಲ್ಲಿ ಓಡಾಡಿದ್ದರೆ, ಉದ್ದನೆಯ ಕಾಂಪೌಂಡು ಗೋಡೆಯ ಮೇಲಿಂದ ಒಂದು ಸಿಮೆಂಟ್ ಕುದುರೆಯ ಮುಂಗಾಲು, ಎತ್ತಿ ಹಿಡಿದ ಎರಡು ಕತ್ತಿ ಕಂಡದ್ದು ನೆನಪಿರಬಹುದು. ನೀವು ಬಸ್ಸಿನಲ್ಲಿ ಹೋಗುತ್ತಾ ಅದನ್ನು ನೋಡುತ್ತಿದ್ದಾಗ ನಾನು ಗೋಡೆಯ ಒಳಗೆ ನಿಂತು ನಿಮ್ಮ ಬಸ್ಸು ನೋಡುತ್ತಿದ್ದೆ.

ತೋಟ ಕಟ್ಟಿಸಿದವರು ಸುಬೇದಾರ್ ತಾತ. ಉಡಿಗಾಲದ ಕಡೆಯವರು. ಸೈನ್ಯದಿಂದ ನಿವೃತ್ತರಾಗಿ ಬಂದು, ಊರಿನ ಹೊಲ ಮಾರಿ, ರಸ್ತೆ ಪಕ್ಕ ಎರಡೆಕರೆ ಕೊಂಡು, ರಾಜರು, ರಾಣಿಯರು, ಸೇನಾಪತಿಗಳದ್ದು ಹತ್ತು ಪ್ರತಿಮೆ ನಿಲ್ಲಿಸಲು ಹೊರಟಿದ್ದರು. ಹನ್ನೊಂದನೆಯದು ಅವರ ಒಬ್ಬನೇ ಮಗನದು. ಅವನು ಸಿಪಾಯಿಯಾಗಿ ಹಿಮದ ಗಡಿಗೆ ಹೋಗಿ ತೀರಿಕೊಂಡವನು. ಗೇಟಿನ ಮೇಲೆ 'ವೀರರ ಉದ್ಯಾನ' ಎಂದು ಬರೆಸಿದ್ದರು. ಜನ ಬೊಂಬೆ ತೋಟ ಎಂದೇ ಕರೆದರು.

ನಮ್ಮದು ಕುದೇರು. ಅಪ್ಪ ಅಲ್ಲಿಂದ ಬಂದು ತೋಟದ ಕಾವಲಿಗೆ ಸೇರಿದ್ದ, ಅವ್ವ ಕೆಲಸಗಾರರಿಗೆ ಅಡುಗೆ ಮಾಡುತ್ತಿದ್ದಳು. ಗೇಟಿನ ಪಕ್ಕದ ಶೀಟಿನ ಮನೆಯೇ ನಮ್ಮ ಮನೆ. ಬೊಂಬೆ ಮಾಡಲು ತಮಿಳುನಾಡಿನ ಸತ್ಯಮಂಗಲದ ಕಡೆಯಿಂದ ಒಬ್ಬ ಆಚಾರಿ ಬಂದಿದ್ದರು. ಜೀವಮಾನವಿಡೀ ದೇವಸ್ಥಾನದ ಗೋಪುರಕ್ಕೆ ಬೊಂಬೆ ಮಾಡಿದ ಕೈ ಅದು. ಹಾಗಾಗಿ ಅವರ ಕೈಯಲ್ಲಿ ಯಾವ ರಾಜ ಹುಟ್ಟಿದರೂ ಊರ ಬಾಗಿಲ ಮುನೀಶ್ವರನ ಮೀಸೆ, ಮುನೀಶ್ವರನ ಕಣ್ಣಿನ ಗುಡ್ಡೆ. ರಾಣಿಯೊಬ್ಬಳಿಗೆ ಕೋರೆಹಲ್ಲು ಇಡಲು ಹೋಗಿ ತಾತನ ಕೈಲಿ ಬೈಸಿಕೊಂಡಿದ್ದರು.

ಹಣೆಬರಹ ಅನ್ನಿ, ಏನಾದರೂ ಅನ್ನಿ, ನಾನು ಸಿಕ್ಕಿಬಿದ್ದದ್ದು ಹೀಗೆ. ಆಚಾರ್ರ ಪದ್ಧತಿಯಲ್ಲಿ ಬೊಂಬೆಯ ಕಣ್ಣು ಕೊನೆಗೆ ಬಿಡಿಸುವುದು. ಬಿಟ್ಟ ಕಣ್ಣು ಮೊದಲು ನೋಡಬೇಕಾದದ್ದು ಒಂದು ಕರು, ಒಂದು ಕನ್ನಡಿ, ಇನ್ನೂ ದೊಡ್ಡವಳಾಗದ ಒಂದು ಹುಡುಗಿ. ಮೊದಲನೇ ರಾಜ ಸಿದ್ಧವಾದದ್ದು ಜನವರಿಯಲ್ಲಿ. ಕರು ಹರವೆಯಿಂದ ಬಂತು. ಹುಡುಗಿಯನ್ನು ಹುಡುಕಿಕೊಂಡು ಯಾರೂ ದೂರ ಹೋಗಲಿಲ್ಲ. ಮಜ್ಜಿಗೆ ಚೊಂಬು ಹಿಡಿದು ಎದುರಿಗೇ ನಿಂತಿದ್ದೆ. ಹೊಸ ಲಂಗ ಕೊಟ್ಟರು, ಅರಿಶಿನದ ಕೊಂಬು ಕಟ್ಟಿದ ದಾರವನ್ನು ಬಲಗೈಗೆ ಕಂಕಣವಾಗಿ ಕಟ್ಟಿದರು. ಎದುರಿಗೆ ನಿಂತು ಕನ್ನಡಿ ಎತ್ತಿ ಹಿಡಿದೆ. ಆಚಾರ್ರು ಸಣ್ಣ ಉಳಿಯಿಂದ ಎರಡು ಗೀರು ಎಳೆದು ಕಪ್ಪು ತುಂಬಿದರು. ಆಮೇಲೆ ಸಿಹಿ ಪೊಂಗಲ್. ತುಪ್ಪದಲ್ಲಿ ಹುರಿದ ಗೋಡಂಬಿಯನ್ನೆಲ್ಲ ಆರಿಸಿ ನನ್ನ ಎಲೆಗೇ ಹಾಕಿದರು. ಅಂಥ ಮರ್ಯಾದೆ ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಮೂರು ದಿನ ಬಿಟ್ಟು ಅವ್ವ ಕಂಕಣ ಬಿಚ್ಚಿಸಲು ಕರೆದುಕೊಂಡು ಹೋದಳು. ಆಚಾರ್ರು ತಲೆ ಅಲ್ಲಾಡಿಸಿದರು. ಒಂದು ಕೋಯಿಲಿಗೆ ಒಂದೇ ಕನ್ನಿಯಂತೆ, ಅಂದರೆ ಒಂದು ಗುಡಿಗೆ ಒಬ್ಬಳೇ ಕನ್ಯೆ, ಬದಲಾಯಿಸುವ ಹಾಗಿಲ್ಲವಂತೆ. ಕೊನೇ ಬೊಂಬೆ ಕಣ್ಣು ಬಿಡುವ ತನಕ ಕಂಕಣ ಕೈಯಲ್ಲೇ ಇರಬೇಕು, ಕಟ್ಟಿಸಿಕೊಂಡವರು ಊರ ಗಡಿ ದಾಟಬಾರದು. ತಮ್ಮ ಕೈ ಎತ್ತಿ ತೋರಿಸಿದರು. ಅಲ್ಲೂ ಅಂಥದ್ದೇ ದಾರ. ಪೊಂಗಲ್ ಹಬ್ಬಕ್ಕೂ ಊರಿಗೆ ಹೋಗಿರಲಿಲ್ಲ ಆತ.

ತಪ್ಪು ಯಾರದೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ದೇವಸ್ಥಾನದಲ್ಲಾದರೆ ಎಲ್ಲ ಬೊಂಬೆಗೂ ಒಂದೇ ದಿನ ಕಣ್ಣು ಬಿಡಿಸುತ್ತಾರೆ. ಇಂದು ಕಂಕಣ ಕಟ್ಟಿದರೆ ಹತ್ತು ದಿನಕ್ಕೆ ಬಿಚ್ಚುತ್ತಾರೆ. ಅಪ್ಪ ಹಾಗೆ ತಿಳಿದೇ ನನ್ನ ಕೈ ಮುಂದೆ ಮಾಡಿಸಿದ್ದ. ಆದರೆ ಸುಬೇದಾರ್ ತಾತನಿಗೆ ಆತುರ. ಒಂದೊಂದು ಬೊಂಬೆ ಮುಗಿದಂತೆ ಒಂದೊಂದಕ್ಕೆ ಕಣ್ಣು ಬಿಡಿಸಬೇಕು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಅಪ್ಪ ಕೇಳಲೇ ಇಲ್ಲ. ಅದಕ್ಕೇ ಹೇಳುತ್ತೇನೆ, ಯಾವುದಕ್ಕಾದರೂ ಕೈ ಒಡ್ಡುವ ಮುಂಚೆ ಬಿಡುಗಡೆ ಯಾವತ್ತು ಎಂದು ಕೇಳಿಕೊಳ್ಳಿ. ಹೊಲ ಗುತ್ತಿಗೆ ಹಾಕುವಾಗಲೂ ಅಷ್ಟೇ, ಹೆಣ್ಣು ಕೊಡುವಾಗಲೂ ಅಷ್ಟೇ.

ಆ ಬೇಸಿಗೆ ಹೇಗೆ ಕಳೆಯಿತೆಂದರೆ, ಹಸಿ ಸಿಮೆಂಟಿನ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈ ಮಣಿಕಟ್ಟು ಕಡಿಯುತ್ತದೆ. ಶಾಲೆ ಊರೊಳಗೇ ಇದ್ದದ್ದರಿಂದ ಪರೀಕ್ಷೆ ಬರೆದೆ. ರಜೆ ಬಂತು. ಓರಗೆಯವರೆಲ್ಲ ಅಜ್ಜಿ ಮನೆಗೆ ಹೋದರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದು ಮೋಡ ಮುಟ್ಟಿದೆವೆಂದು ಬಡಾಯಿ ಕೊಚ್ಚಿದರು. ನಾನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬೊಂಬೆಗಳಿಗೆ ಸುತ್ತಿದ ಗೋಣಿಚೀಲಕ್ಕೆ ನೀರು ಹೊಯ್ಯುತ್ತಿದ್ದೆ. ಮುಖಕ್ಕೆಲ್ಲ ಗೋಣಿ ಸುತ್ತಿಸಿಕೊಂಡು ನೀರು ತೊಟ್ಟಿಕ್ಕಿಸುತ್ತಾ ನಿಂತ ಎರಡಾಳೆತ್ತರದ ಆರು ವೀರರು ಒಂದು ಕಡೆ, ಕಣ್ಣು ಬಿಟ್ಟು ದುರುಗುಟ್ಟುವ ಐವರು ಇನ್ನೊಂದು ಕಡೆ. ಅವರ ನೆರಳಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಅಳಗುಳಿಮಣೆಯಲ್ಲಿ ಎರಡೂ ಕಡೆ ನಾನೇ ಕೂತು ಹುಣಸೆಬೀಜ ಹಂಚುತ್ತಿದ್ದೆ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಹಿಡಿದು ಗೇಟಿನ ಸರಳಿಗೆ ಹಣೆ ಒತ್ತಿದರೆ ರಸ್ತೆ ಕಾಣುತ್ತಿತ್ತು. ಕಬ್ಬಿಣ ಬಿಸಿಯಾಗಿ ಹಣೆ ಸುಡುವವರೆಗೂ ಹಾಗೇ ನಿಂತಿರುತ್ತಿದ್ದೆ.

ದಾರಿಹೋಕರು ಬಂದು ರಾಜರ ಪಾದಕ್ಕೆ ಕಾಯಿ ಒಡೆಯಲು ಶುರುಮಾಡಿದ್ದರು. ತಾತ ಕೋಲು ಹಿಡಿದು ಓಡಿಸುತ್ತಿದ್ದರು. "ಇವ್ರು ದೇವ್ರಲ್ಲ ಕಣ್ಲಾ, ಸೆಲ್ಯೂಟ್ ಒಡೀರಿ" ಎಂದರೆ ಅವರು ಸೆಲ್ಯೂಟೂ ಹೊಡೆದು, ತಾತ ಅತ್ತ ತಿರುಗಿದಾಗ ಕರ್ಪೂರವನ್ನೂ ಹಚ್ಚಿ ಹೋಗುತ್ತಿದ್ದರು.

ಜೂನ್ ಮೊದಲ ವಾರ ಹೆಡ್‌ಮಾಸ್ಟರು ಮನೆಗೆ ಬಂದರು. ಚಾಮರಾಜನಗರದ ಹಾಸ್ಟೆಲಿನಲ್ಲಿ ನನಗೆ ಸೀಟು ಸಿಕ್ಕಿತ್ತು, ಅಲ್ಲೇ ಹೈಸ್ಕೂಲು. ತಿಂಗಳ ಕೊನೆಯೊಳಗೆ ಸೇರದಿದ್ದರೆ ಸೀಟು ಬೇರೆಯವರಿಗೆ. ಅಪ್ಪ ನನ್ನ ಮಣಿಕಟ್ಟು ನೋಡಿದ. ಕಂಕಣವನ್ನು ನಡುವೆ ಕಿತ್ತರೆ ಮನೆಗೆ ಕೇಡು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಅಷ್ಟರಲ್ಲಿ ದೊಡ್ಡವಳಾದರೆ ಕಂಕಣವೇನೋ ತಾನಾಗಿ ಇಳಿಯುತ್ತಿತ್ತು. ಆದರೆ ಹಾಗಾದರೆ ಓದು ಅಲ್ಲಿಗೆ ಮುಗಿಯಿತೆಂದು ಮೊದಲೇ ಹೇಳಿಬಿಟ್ಟಿದ್ದ. ಎರಡು ಕಡೆಯ ಬಾಗಿಲೂ ಹಾಕಿಕೊಂಡಿತ್ತು. ತಾತನನ್ನು ಕೇಳುತ್ತೇನೆ ಎಂದೆ. ಅಪ್ಪ ಎದ್ದು ನಿಂತ.

"ಮಗನ್ನ ಕಳ್ಕಂಡು ಕೂತಿರೋ ಮನುಸ್ರು. ಅವ್ರತ್ರ ಬಾಯಿ ಬುಟ್ಟೀಯೆ ಮತ್ತ."

ನಾನು ಬಾಯಿ ಬಿಡಲಿಲ್ಲ. ಕೂತು ಲೆಕ್ಕ ಹಾಕಿದೆ. ನಾಲ್ಕು ಬೊಂಬೆಯ ಕೆಲಸ ಮುಗಿದು ಕಣ್ಣಷ್ಟೇ ಬಾಕಿ, ಮಗನ ಬೊಂಬೆಗೆ ಕೈ ಹಾಕಿದ ಮೇಲೆ ತಾತ ಅವಕ್ಕೆ ದಿನ ಗೊತ್ತುಮಾಡುವುದನ್ನೇ ಬಿಟ್ಟಿದ್ದರು. ಇನ್ನೊಂದಕ್ಕೆ ಎರಡು ದಿನದ ಕೆಲಸ. ನನ್ನನ್ನು ಕಟ್ಟಿಹಾಕಿದ್ದು ಹನ್ನೊಂದನೆಯದು, ಆ ಸಿಪಾಯಿ. ತಾತನ ಹತ್ತಿರ ಮಗನದೊಂದು ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಏನೂ ಇರಲಿಲ್ಲ. ಆಚಾರ್ರು ಮುಖ ಮಾಡುವುದು, ತಾತ ಬಂದು ನೋಡಿ ಇದು ನನ್ನ ಮಗನಲ್ಲ ಎಂದು ಸುತ್ತಿಗೆಯಿಂದ ಒಡೆಯುವುದು, ಹೀಗೆ ಮೂರು ಸಲ ಆಗಿ, ಈಗ ಇದ್ದದ್ದು ನಾಲ್ಕನೇ ಮುಖ. ಸೆಲ್ಯೂಟ್ ಹೊಡೆಯಬೇಕಾದ ಬಲಗೈ ಇನ್ನೂ ಬರೀ ಕಬ್ಬಿಣದ ಸರಳು. ಮಧ್ಯಾಹ್ನ ಸಿಪಾಯಿಯ ಬುಡದಲ್ಲಿ ತಾತ ಬೀಡಿ ಸೇದುತ್ತಾ ಕೂರುವುದನ್ನು ದಿನವೂ ನೋಡುತ್ತಿದ್ದೆ. ಆ ಮನುಷ್ಯನಿಗೆ ಈ ಕೆಲಸ ಮುಗಿಯುವುದೇ ಬೇಡವಾಗಿದೆ ಎಂದು ನನಗೆ ಹನ್ನೆರಡನೇ ವಯಸ್ಸಿಗೇ ಅನಿಸಿತು.

ಮೊದಲು ಆಚಾರ್ರ ಹತ್ತಿರ ಹೋದೆ. ಉಳಿದ ಆರಕ್ಕೂ ಒಂದೇ ದಿನ ಕಣ್ಣು ಬಿಡಿಸಬಹುದಾ ಎಂದು ಕೇಳಿದೆ. ಆತನಿಗೆ ನನಗಿಂತ ಅವಸರ, ಕಣ್ಣಲ್ಲಿ ನೀರೇ ಬಂತು. ಆದರೆ ಸಿಪಾಯಿಯ ಕೈ ತೋರಿಸಿದರು.

"ಕಣ್ಣು ತೊರೆದ ಮೇಲೆ ಉಳಿ ತೊಡಕೂಡಾದು ಪಾಪಾ. ಅಪ್ಪಡಿಯೇ ನಿಂತುಬಿಡ್ತಾನೆ."

ಕಣ್ಣು ಬಿಟ್ಟ ಬೊಂಬೆಗೆ ಮತ್ತೆ ಕಬ್ಬಿಣ ಮುಟ್ಟಿಸುವಂತಿಲ್ಲ, ಕೈ ಇಲ್ಲದೆಯೇ ಉಳಿಯುತ್ತದೆ ಎಂದರ್ಥ. ತಾತನಿಗೆ ನಾನೇ ಹೇಳುತ್ತೇನೆ, ನೀವು ಬಾಯಿ ಹಾಕಬೇಡಿ ಎಂದೆ. ಆತ ನಂಬಿದರು.

ವ್ಯಾಪಾರದಲ್ಲಿ ನಮ್ಮ ಗರಜು ಎದುರಿನವರಿಗೆ ಕಾಣಬಾರದು. ಇದನ್ನು ನನಗೆ ಮುಂದೆ ವ್ಯಾಪಾರಕ್ಕಿಳಿದ ಯಾವ ಮಂಡಿಯೂ ಕಲಿಸಲಿಲ್ಲ, ಸೀರೆ ಗಂಟು ಹೊತ್ತು ಬರುವವನ ಹತ್ತಿರ ಅವ್ವ ಚೌಕಾಸಿ ಮಾಡುವುದನ್ನು ನೋಡಿ ಕಲಿತಿದ್ದೆ. ಬೇಕಾದ ಸೀರೆಯನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ತಾತನ ಹತ್ತಿರ ಹೋದಾಗ ಹಾಸ್ಟೆಲಿನ ಸುದ್ದಿ ಎತ್ತಲಿಲ್ಲ, ಕಂಕಣದ ಸುದ್ದಿ ಎತ್ತಲಿಲ್ಲ. ಅವರಿಗೇನು ಬೇಕೋ ಅದನ್ನು ಮುಂದಿಟ್ಟೆ.

"ತಾತಾ, ಅಣ್ಣನ ಕಣ್ಣ ಆಚಾರ್ರು ಕಂಡಿಲ್ಲ. ನೀವು ಕಂಡಿದ್ದೀರಿ. ನೀವೇ ಬರೀರಿ."

ಬೀಡಿ ಆರಿಹೋಯಿತು. ತಾತ ತಮ್ಮ ಅಂಗೈ ನೋಡಿಕೊಂಡು, ಈ ಕೈಗೆ ಬರೆಯಲು ಬರುತ್ತದಾ ಎಂದು ಕೇಳಿದರು, ನನ್ನನ್ನೋ ತಮ್ಮನ್ನೋ ತಿಳಿಯಲಿಲ್ಲ. ಮುಂದಿನ ಸೋಮವಾರ ಒಳ್ಳೇ ದಿನವಂತೆ ಎಂದೆ. ಸಿಪಾಯಿಯ ಬಲಗೈ ಏನಾಗುತ್ತದೆ ಎಂದು ಹೇಳಲಿಲ್ಲ. ಆಮೇಲೆ ಮಾಡಿಸಿದರಾಯಿತೆಂದು ತಾತ ಅಂದುಕೊಂಡದ್ದು ಅವರ ಮುಖದಲ್ಲೇ ಕಂಡಿತು. ಕಂಡೂ ಸುಮ್ಮನಿದ್ದೆ.

ಸೋಮವಾರ ಐದು ಬೊಂಬೆಗಳಿಗೆ ಆಚಾರ್ರು ಸರಸರ ಕಣ್ಣು ಬಿಡಿಸಿದರು. ಆರನೆಯದಕ್ಕೆ, ಮಗನ ಬೊಂಬೆಗೆ, ತಾತ ಮರದ ಸಾರ್ವೆ ಹತ್ತಿದರು. ಇಸ್ತ್ರಿ ಮಾಡಿದ ಹಳೇ ಯೂನಿಫಾರ್ಮು, ಎದೆಯ ಮೇಲೆ ಪದಕ. ನಾನು ಕನ್ನಡಿ ಎತ್ತಿ ಹಿಡಿದು ನಿಂತೆ, ಕರು ನನ್ನ ಲಂಗ ನೆಕ್ಕುತ್ತಿತ್ತು. ಅವರು ಬರೆದ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಯಿತು. ಗುಡ್ಡೆ ಕಣ್ಣಿನ ಅಷ್ಟು ಜನ ರಾಜರ ನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಒಬ್ಬ ಹಳ್ಳಿ ಹುಡುಗ ಕಂಡ. ತಾತ ಕುಂಚ ಇಳಿಸಿ, "ಬಂದ್ಯಾ ಮಗಾ" ಎಂದರು. ಅಷ್ಟೇ. ಆಚಾರ್ರು ನನ್ನ ಕಂಕಣ ಕತ್ತರಿಸಿದರು, ಅವರದನ್ನು ನನ್ನ ಕೈಲಿ ಕತ್ತರಿಸಿಕೊಂಡರು.

ಮರುದಿನ ಮೊದಲ ಬಸ್ಸಿಗೆ ಟ್ರಂಕು ಹೊತ್ತು ಹೊರಟೆ. ತಾತ ತೋಟಕ್ಕೆ ಬರುವ ಹೊತ್ತಿಗೆ ನಾನು ಅಲ್ಲಿರಬಾರದಿತ್ತು. ಹಿಂದಿನ ಸಂಜೆ ಎದುರು ಸಿಕ್ಕಾಗಲೂ ನಾಳೆ ಹೊರಡುತ್ತೇನೆ ಎನ್ನಲಿಲ್ಲ. ಅದೇ ಮಧ್ಯಾಹ್ನ ಅವರು ಕೈ ಶುರು ಮಾಡಿ ಎಂದರಂತೆ, ಆಚಾರ್ರು ಗಾಬರಿಯಾಗಿ ಪಾಪನಿಗೆ, ಅಂದರೆ ನನಗೆ, ಹೇಳಿದ್ದೆನಲ್ಲ ಎಂದರಂತೆ. ಇದೆಲ್ಲ ಅವ್ವ ಹಾಸ್ಟೆಲಿಗೆ ಚಕ್ಕುಲಿ ತಂದಾಗ ಹೇಳಿದ್ದು. ತಾತ ಏನಂದರು ಎಂದೆ. ಹೋಗಿ ಸಿಪಾಯಿಯ ಬುಡದಲ್ಲಿ ಕೂತರು ಎಂದಳು.

ದಸರಾ ರಜೆಗೆ ಬಂದೆ. ಸಿಪಾಯಿಯ ಭುಜದಿಂದ ತುಕ್ಕು ಹಿಡಿದ ಸರಳು ಹಾಗೇ ಚಾಚಿಕೊಂಡಿತ್ತು. ತಾತ ಅದರ ಬುಡದಲ್ಲೇ ಕೂತಿದ್ದರು. ನಾನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡ ಮಾತು ತೆಗೆದೆ: ಬೇರೆ ಮೇಸ್ತ್ರಿಯನ್ನು ಕರೆಸಬಹುದು, ಮೈಸೂರಿನಲ್ಲಿ ಒಳ್ಳೆಯವರಿದ್ದಾರೆ.

"ಬುಡು," ಎಂದರು. "ಕಣ್ಣು ಬುಟ್ಟವ್ನ ಮೈಗೆ ಕಬ್ಬಿಣ ತಾಕುಸ್ಲಾ?"

ಆಮೇಲೆ ನನ್ನ ಸ್ಕೂಲಿನ ಬಿಳಿ ಬ್ಲೌಸು, ನೀಲಿ ಲಂಗ ನೋಡಿದರು.

"ಇವ್ನಿಗ ಕೈ ಬರಾಕಿಲ್ಲ ಅಂದಿದ್ರೂ ಊಂ ಅಂತಿದ್ದೆ ಕಣಮ್ಮಿ. ಕೂಸು ಓದಕ್ಕೋಯ್ತದ ಅಂದ್ರ ಬ್ಯಾಡ ಅಂತಿದ್ನಾ? ಬಸ್ಸತ್ತುಸಕ್ಕ ನಾನೇ ಬರ್ತಿದ್ದೆ. ನನ್ ಮಗನ್ನೂ ನಾನೇ ಅತ್ತುಸಿದ್ದು."

ನಾನು ಅವರ ಪಕ್ಕ ಬುಡದಲ್ಲೇ ಕೂತೆ.

ತಾತ ತೀರಿಕೊಂಡ ಮೇಲೆ ದಾಯಾದಿಗಳು ಜಾಗ ಮಾರಿದರು. ರಸ್ತೆ ಅಗಲವಾಯಿತು, ರಾಜರು ಟ್ರಾಕ್ಟರ್ ಹತ್ತಿ ಎಲ್ಲೆಲ್ಲಿಗೋ ಹೋದರು. ಸಿಪಾಯಿಯನ್ನು ಕೇಳಿಕೊಂಡು ನಾನು ಹೋದಾಗ ಅವನನ್ನು ಒಡೆದು ಹೊಸ ಕಟ್ಟಡದ ಪಾಯಕ್ಕೆ ತುಂಬಿ ಆಗಿತ್ತು. ಈಗ ಅಲ್ಲಿ ಕಲ್ಯಾಣ ಮಂಟಪ. ನಾನು ಅರಿಶಿನದ ವ್ಯಾಪಾರಕ್ಕೆ ಇಳಿದು ಮೂರು ರಾಜ್ಯ ಓಡಾಡಿದವಳು, ಮಂಡಿಯಲ್ಲಿ ನನ್ನ ಎದುರು ಕೂರಲು ಗಂಡಸರೂ ಯೋಚಿಸುತ್ತಾರೆ. ಚಿಕ್ಕವರು ಬಂದು ಒಂದು ಬುದ್ಧಿಮಾತು ಹೇಳಿ ಅಕ್ಕಾ ಎಂದರೆ, ಚೌಕಾಸಿಗೆ ಮುಂಚೆ ಒಮ್ಮೆ ನೇರ ಕೇಳಿ ನೋಡು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಬೇಕೆಂದದ್ದೆಲ್ಲ ಚೌಕಾಸಿ ಮಾಡಿಯೇ ಪಡೆದಿದ್ದೇನೆ, ಕಡಿಮೆಯೇನೂ ಸಿಕ್ಕಿಲ್ಲ. ಆದರೆ ಇಷ್ಟು ವರ್ಷದಲ್ಲಿ ಎಷ್ಟು ಊರಿಗೆ ಹೋದೆ, ಎಷ್ಟು ಬಸ್ಸು ಹತ್ತಿದೆ. ಹತ್ತಿಸಲು ಬರುತ್ತಿದ್ದೆ ಎಂದವರು ಆ ಒಬ್ಬರೇ, ಅವರಿಗೆ ಹೇಳದೆ ಹತ್ತಿದ್ದೆ.