ಎಡಗೆನ್ನೆಯ ಬಾವು

ಮೊನ್ನೆ ಎಡಗಡೆಯ ಮೇಲಿನ ಬುದ್ಧಿಹಲ್ಲು ನೋಯತೊಡಗಿತು. ನೋವಿನ ಮಾತ್ರೆಗಾಗಿ ಹಳೆಯ ಬ್ಯಾಗು ತಡಕಾಡಿದಾಗ ಬೇರೆಯದೇ ಒಂದು ಮಾತ್ರೆಪಟ್ಟಿ ಕೈಗೆ ಬಂತು. ಬಾವು ಇಳಿಸುವ ಮಾತ್ರೆ; ಅವಧಿ ಮೀರಿ ಎಷ್ಟೋ ಕಾಲವಾಗಿತ್ತು. ಕಂಡೊಡನೆ ಕೈ ಕೆನ್ನೆಗೆ ಹೋಯಿತು. ನಿಮಗೂ ಅನುಭವವಿರಬಹುದು, ವಾಸಿಯಾದ ಜಾಗವನ್ನು ಕೈ ಮರೆಯುವುದಿಲ್ಲ.

ನಾನು ಪತ್ರಿಕೆಯ ವರದಿಗಾರ್ತಿ. ಕಂಡದ್ದನ್ನು ಬರೆ, ಅನಿಸಿದ್ದನ್ನು ಬಿಡು ಎಂಬ ಪಾಠ ಕಲಿತವಳು. ಇದನ್ನೂ ಹಾಗೆಯೇ ಹೇಳಲು ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅದೇ ಬದಿಯ ಕೆಳಗಿನ ಹಲ್ಲನ್ನು ಶಿಕಾರಿಪುರದಲ್ಲಿ ಕೀಳಿಸಿದೆ. ಅದು ಒಸಡಿನೊಳಗೆ ಅಡ್ಡ ಮಲಗಿತ್ತು. ಕೊಯ್ದು ಹೊಲಿಗೆ ಹಾಕಬೇಕಾಯಿತು. "ಮೊದಲ ದಿನ ಐಸ್ ಇಡ್ರಿ. ಬಾವು ಆಮೇಲೆ ಇನ್ನೂ ಏರ್ತೈತಿ, ಹೆದರಬ್ಯಾಡ್ರಿ. ಉಗುಳಬ್ಯಾಡ್ರಿ ಮಾತ್ರ, ಹೆಪ್ಪುಗಟ್ಟಿದ ರಕ್ತ ಕಿತ್ತು ಬರ್ತೈತಿ," ಎಂದರು ಡಾಕ್ಟರು. ನನ್ನ ಬಾಡಿಗೆ ಕೋಣೆಯಲ್ಲಿ ಗಂಜಿ ಕಾಯಿಸಿಕೊಡುವವರಿರಲಿಲ್ಲ. ಮರುದಿನ ಯಾರಿಗೂ ಹೇಳದೆ ಸೊರಬದ ಬಸ್ಸು ಹತ್ತಿ ದೊಡ್ಡಮ್ಮನ ಮನೆಗೆ ಹೋದೆ.

ದೊಡ್ಡಪ್ಪ ತೀರಿಕೊಂಡು ಆಗ ವರ್ಷ ಕಳೆದಿತ್ತು. ಎಚ್ಚರವಿದ್ದಷ್ಟು ಹೊತ್ತೂ ಅವರ ಎಡಗೆನ್ನೆಯಲ್ಲಿ ಎಲೆಅಡಿಕೆಯ ಕವಳ ಉಬ್ಬಿಕೊಂಡಿರುತ್ತಿತ್ತು. ಗೋಡೆಯ ಫೋಟೋದಲ್ಲಿ ಮಾತ್ರ ಅದಿಲ್ಲ. ಸ್ಟುಡಿಯೋದವನು ಬಾಯಿ ತೊಳೆಸಿ ತೆಗೆದಿದ್ದ. ಆಸ್ಪತ್ರೆಯ ಕೊನೆಯ ದಿನಗಳಲ್ಲೂ ಆ ಕೆನ್ನೆ ಖಾಲಿಯಿತ್ತು. "ಯಾರದ್ದೋ ಮುಖಕ್ಕೆ ಹೂವ ಹಾಕಿದಂಗೆ ಆಗ್ತದೆ ಮಾರಾಯ್ತಿ," ಎನ್ನುತ್ತಿದ್ದರು ದೊಡ್ಡಮ್ಮ. ತನ್ನ ಗಂಡನನ್ನು ತಾನು ಕಳಿಸಿಕೊಟ್ಟೇ ಇಲ್ಲ ಎಂಬುದು ಅವರ ಕೊರಗು.

ಬಾಗಿಲು ತೆರೆದ ದೊಡ್ಡಮ್ಮ ಬಾ ಎನ್ನಲಿಲ್ಲ. ನನ್ನನ್ನೇ ನೋಡುತ್ತ ಸೆರಗು ಸರಿಮಾಡಿಕೊಂಡರು.

"ಕನ್ನಡಿ ನೋಡ್ಕಂಡ್ಯನೇ?"

ಒಳಗೆ ಹೋಗಿ ನೋಡಿಕೊಂಡೆ. ಉಬ್ಬಿದ ಎಡಗೆನ್ನೆಯಲ್ಲಿ ದೊಡ್ಡಪ್ಪ ನನಗೂ ಕಂಡರು.

ಮಾತ್ರೆಗಳನ್ನು ಜಗಲಿಯ ಮೇಲೆ ಹರಡಿ, ಇದು ಸೋಂಕಿಗೆ, ಪೂರ್ತಿ ಮುಗಿಸಬೇಕು, ಇದು ನೋವಿಗೆ, ಊಟವಾದ ಮೇಲೆ, ಇದು ಬಾವಿಗೆ ಎಂದು ಎಲ್ಲ ಬಲ್ಲವಳ ಗತ್ತಿನಲ್ಲಿ ವಿವರಿಸಿದ್ದೆ. ಗಂಜಿ ಕುಡಿದು ಬಂದಾಗ ಬಾವಿನ ಮಾತ್ರೆಯ ಪಟ್ಟಿ ಇರಲಿಲ್ಲ.

"ಅದೆಲ್ಲಿ ದೊಡ್ಡಮ್ಮ?"

"ನೋವಿಂದು ತಗಂಡ್ಯಲ್ಲ. ಅದು ಸಂಜೆಗೆ ಆತು."

"ಅಲ್ಲೀವರೆಗೂ ಹಿಂಗೇ ಊದ್ಕಂಡಿರ್ಲಾ?"

"ಇರು," ಎಂದರು. "ಒಂದು ಮಧ್ಯಾಹ್ನ ಇರು."

ದೊಡ್ಡಮ್ಮನ ಮಗ, ಸೊಸೆ ಅಂಗಡಿಗೆ ಹೋಗಿದ್ದರು. ಬಿಸಿಲು ಅಂಗಳದಲ್ಲಿ ಕದಲದೆ ನಿಂತಿತ್ತು. ದೊಡ್ಡಮ್ಮ, ದೊಡ್ಡಪ್ಪ ಕವಳ ಉಗುಳುತ್ತಿದ್ದ ಹಿತ್ತಾಳೆ ಪೀಕದಾನಿ ತಂದು ನನ್ನ ಎಡಕ್ಕೆ ಇಟ್ಟರು. ಹುಣಸೆಹಣ್ಣು ಹಾಕಿ ಹೊಸದಾಗಿ ಬೆಳಗಿದ್ದು, ಫಳಫಳ ಹೊಳೆಯುತ್ತಿತ್ತು. ನಾನು ಬರುವುದು ಅವರಿಗೆ ಗೊತ್ತಿರಲಿಲ್ಲ ಎಂಬುದನ್ನು ಮತ್ತೊಮ್ಮೆ ದಾಖಲಿಸುತ್ತೇನೆ.

ಎದುರಿಗೆ ಕೂತು ಅವರು ಮಾತಾಡಿದ್ದು ನನ್ನ ಕಣ್ಣಿಗಲ್ಲ, ಕೆನ್ನೆಗೆ.

"ಆಸ್ಪತ್ರೇಲಿ ಮಲಗಿದ್ದೋರು ನೀವಲ್ಲ ಅಂತ ನಂಗೆ ಗೊತ್ತಿತ್ತು ಬಿಡಿ. ಇಷ್ಟು ದಿನ ಎಲ್ಲಿದ್ರಿ?"

ನಾನು ನಾನೇ ಎಂದು ಹೇಳಲು ಹೊರಟೆ. ಬಾಯಿ ತೆರೆಯಲಿಲ್ಲ. ಶಸ್ತ್ರಕ್ರಿಯೆಯ ನಂತರ ದವಡೆ ಬಿಗಿಯುವುದು ಸಹಜ ಎಂದು ಡಾಕ್ಟರು ಹೇಳಿದ್ದರು. ಅದೇ ದವಡೆ ನಿಧಾನಕ್ಕೆ, ತಾನಾಗಿ, ಎಡಬದಿಯಲ್ಲಿ ಕವಳ ಅಗಿಯುವಂತೆ ಆಡತೊಡಗಿದ್ದರ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಬಾಯಿ ತುಂಬ ನೀರೂರಿತು. ಪೀಕದಾನಿ ಪಕ್ಕದಲ್ಲೇ ಇತ್ತು. ಉಗುಳಲಿಲ್ಲ, ನುಂಗಿದೆ.

ಸಂಜೆ ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಪಟ್ಟಿಯನ್ನು, ಜೊತೆಗೆ ಒಂದು ಲೋಟ ನೀರನ್ನು ನನ್ನ ಕೈಗಿಟ್ಟರು.

"ತಗಳಿ. ಮತ್ತೆ ತಡೆಯಲ್ಲ. ಹೋಗಿ."

ನಮ್ಮಲ್ಲಿ ಯಾರನ್ನೇ ಕಳಿಸುವಾಗಲೂ ಹೋಗಿ ಬನ್ನಿ ಎನ್ನುತ್ತೇವೆ. ಅವರು ಬನ್ನಿ ಎನ್ನಲಿಲ್ಲ.

ಬಾವು ಇಳಿದ ದಿನ ಬೆಳಿಗ್ಗೆ ಕಾಫಿ ಹಿಡಿದು ಬಂದವರು ನನ್ನನ್ನು ಕಂಡು ನಿಂತರು. "ಯಾವಾಗ ಬಂದ್ಯೇ?" ಎಂದರು. ತಮಾಷೆಗೆ ಕೇಳಿದ ಮುಖವಲ್ಲ ಅದು. ಈಗ ಬಂದೆ ಎಂದೆ.

ಮೇಲಿನ ಹಲ್ಲನ್ನೂ ಕೀಳಬೇಕೆಂದು ನಿನ್ನೆ ಡಾಕ್ಟರು ಹೇಳಿದರು. ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಮತ್ತೆ ಎಡಗಡೆದೇ, ದೊಡ್ಡಮ್ಮ. ಊದಬಹುದು."

ಆ ಕಡೆ ಒಲೆಯ ಮೇಲಿನ ಪಾತ್ರೆ ಇಳಿಸಿದ ಸದ್ದಾಯಿತು.

"ಗಂಜಿ ಮಾಡಿಕೊಡ್ತೀನಿ, ಬಾ. ಆದ್ರೆ ಗುಳಿಗೆ ಹೊತ್ತೊತ್ತಿಗೆ ತಗ." ಆಮೇಲೆ ದನಿ ತಗ್ಗಿಸಿ, "ಈ ಸಲ ನೀ ಒಬ್ಬಳೇ ಬಾ," ಎಂದರು.

ಹಳೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದ್ದೇನೆ. ಹೊಸದು ಮೇಜಿನ ಮೇಲಿದೆ. ಇದನ್ನು ಬರೆಯುತ್ತಿರುವಾಗ ನನ್ನ ದವಡೆ ಅಲುಗುತ್ತಿಲ್ಲ. ಆಗಾಗ ಕೈಯಿಟ್ಟು ನೋಡಿಕೊಳ್ಳುತ್ತಿದ್ದೇನೆ.