ಮೇಡಂ ಹೇಳಿದ ಖಲಾಸ್

ನನ್ನ ಮೊಮ್ಮಗಳಿಗೆ ಬಯಾಲಜಿ ಸಿಕ್ಕಿತು! ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನ್ನ ಅಕ್ಷರ ಯಾವಾಗಲೂ ದಪ್ಪ, ಸಂತೋಷಕ್ಕೆ ಈಗ ಇನ್ನೂ ದಪ್ಪವಾಗಿದೆ.

ಹತ್ತನೆಯ ರಿಸಲ್ಟ್ ಬಂದ ದಿನ, ಈ ಅರಬ್ಬಿ ದೇಶದ ಎಗೈಲಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಟಿವಿಯನ್ನೂ ಯಾರೂ ಹಾಕಲಿಲ್ಲ. ಹುಡುಗಿಗೆ ಲೆಕ್ಕದಲ್ಲಿ ಅಂಕ ತೀರಾ ಕಡಿಮೆ. ವಿಜ್ಞಾನದಲ್ಲೂ ಶಾಲೆ ಕೇಳುವಷ್ಟಿಲ್ಲ. ಮೀನಾ ಅಬ್ದುಲ್ಲಾ ಎಂಬ ಊರಲ್ಲಿ ಕೆಲಸ ಮುಗಿಸಿ ಬಂದ ಮಗ ಶೂ ಬಿಚ್ಚುತ್ತಾ, "ಸೈನ್ಸ್ ಖಲಾಸ್ ಅಮ್ಮ. ಕಾಮರ್ಸ್ ತಗೊಳ್ಳಲಿ" ಎಂದ. ಅವನ ಬಾಯಲ್ಲಿ ಗ್ಯಾಸ್ ಮುಗಿದರೂ ಖಲಾಸ್, ಎಸಿ ಕೆಟ್ಟರೂ ಖಲಾಸ್. ನನಗೆ ಗೊತ್ತಿದ್ದ ಅರಬ್ಬಿ ಅಷ್ಟೇ.

ನನ್ನ ಮೊಣಕಾಲಿಗೆ ದಿನಾ ವ್ಯಾಯಾಮ ಮಾಡಿಸುವವಳು ಮೊಮ್ಮಗಳೇ. ಫಿಸಿಯೋಥೆರಪಿ ಕಲಿಯಬೇಕೆಂಬುದು ಅವಳ ಹಟ. ಎರಡು ವರ್ಷ ಕಳೆದು ಮಂಗಳೂರಿನ ಕಾಲೇಜಿಗೆ ಅರ್ಜಿ ಹಾಕಬೇಕಾದರೆ ಹನ್ನೊಂದನೆಯದರಲ್ಲಿ ಬಯಾಲಜಿ ಬೇಕೇ ಬೇಕು.

"ಅಜ್ಜಿ, ಅದಕ್ಕೆ ಮ್ಯಾತ್ಸ್ ಬೇಡ. ಐ ಚೆಕ್ಡ್. ಅದ್ರ ಬದ್ಲು ಸೈಕಾಲಜಿ ತಗೋಬಹುದು" ಎಂದಳು ಮೂಗೊರೆಸಿಕೊಂಡು.

"ಹಾಗಾದ್ರೆ ಹೋಗಿ ಕೇಳು. ಅಳ್ತಾ ಕೂತ್ರೆ ಸೀಟು ಮನೆಗೆ ಬರ್ತದಾ ಮಾರಾಯ್ತಿ?"

ಹೋಗಿ ಕೇಳಿದಳು. ಶಾಲೆಯವರು, ಹತ್ತು ದಿನ ಬಿಟ್ಟು ವಿಜ್ಞಾನದಲ್ಲಿ ಇನ್ನೊಂದು ಪರೀಕ್ಷೆ ಕೊಡುತ್ತೇವೆ, ಅದರಲ್ಲಿ ಗೆದ್ದರೆ ಸೀಟು ಎಂದರು. ನಾನೂ ಟೊಂಕ ಕಟ್ಟಿದೆ. ಓದಿದ್ದನ್ನೆಲ್ಲ ಅಡುಗೆಮನೆಗೆ ಬಂದು ನನಗೆ ಕನ್ನಡದಲ್ಲಿ ಹೇಳಬೇಕು, ನನ್ನ ತಲೆಗೆ ಹೋದರೆ ಮಾತ್ರ ಅವಳಿಗೆ ಬಂತು ಎಂದು ಲೆಕ್ಕ.

"ಹಾರ್ಟ್ ಅಂದ್ರೆ ಪಂಪ್ ಅಜ್ಜಿ. ನಮ್ಮ ಬಿಲ್ಡಿಂಗ್ ಟ್ಯಾಂಕಿದ್ದು ಉಂಟಲ್ಲ, ಹಾಗೆ."

"ಅದು ವಾರಕ್ಕೆರಡು ಸಲ ಕೆಡ್ತದೆ. ಬೇರೆ ಎಂತಾದ್ರೂ ಹೇಳು!"

ಪರೀಕ್ಷೆ ಮುಗಿದು ಫಲಿತಾಂಶ ಹೇಳುವ ದಿನ ಮಗ ಅರ್ಧ ದಿನ ರಜೆ ಹಾಕಿದ. ಮೂವರೂ ಶಾಲೆಯ ಆಫೀಸಿಗೆ ಹೋದೆವು. ಅಲ್ಲಿದ್ದ ಅರಬ್ಬಿ ಮೇಡಂ ಕಾಗದ ನೋಡಿದರು, ಠಪ್ಪೆಂದು ಸೀಲು ಒತ್ತಿದರು, ಎರಡೂ ಕೈ ಝಾಡಿಸಿ, "ಖಲಾಸ್, ಖಲಾಸ್!" ಎಂದರು.

ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. "ಎಂತ ಖಲಾಸ್? ನಮ್ಮ ಮಗು ಹತ್ತು ದಿನ ನಿದ್ದೆಗೆಟ್ಟು ಓದಿದೆ. ಇನ್ನೊಂದು ಪರೀಕ್ಷೆ ಕೊಡಿ. ನಾನು ಇಲ್ಲಿಂದ ಏಳುವವಳಲ್ಲ!"

"ಅಜ್ಜಿ, ಸ್ಟಾಪ್!" ಮೊಮ್ಮಗಳು ನಗುತ್ತಾ ಅಳುತ್ತಾ ನನ್ನನ್ನು ತಬ್ಬಿಕೊಂಡಳು. "ಖಲಾಸ್ ಅಂದ್ರೆ ಕೆಲಸ ಆಯ್ತು ಅಂತಾನೂ ಉಂಟು. ಸೀಟ್ ಸಿಕ್ತು!"

ಮಗ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಮೇಡಂಗೆ ನನ್ನ ಕನ್ನಡ ಒಂದಕ್ಷರ ಅರ್ಥವಾಗಿರಲಿಲ್ಲ. ಖರ್ಜೂರದ ಡಬ್ಬಿ ಮುಂದೊಡ್ಡಿದರು. ನಾನು ಎರಡು ತೆಗೆದುಕೊಂಡೆ.

ಆ ಸಂಜೆ ಸೊಸೆ ಕೋಳಿ ಸಾರು ಮಾಡಿದಳು. ಊರಿನಿಂದ ತಂದಿದ್ದ ಗರಿಗರಿ ಕೋರಿ ರೊಟ್ಟಿಯ ಕೊನೆಯ ಪ್ಯಾಕೆಟ್ ಒಡೆದೆವು. ಮೊಮ್ಮಗಳು ಕೋಳಿಯ ಕಾಲು ಎತ್ತಿ ಹಿಡಿದು ಅಪ್ಪನಿಗೆ ಮೂಳೆ, ಕೀಲು ತೋರಿಸುತ್ತಿದ್ದಳು. ಅವನು ಪಾತ್ರೆ ಕೆರೆದು, "ಸಾರು ಖಲಾಸ್ ಅಮ್ಮ" ಎಂದ.

"ಯಾವ ಖಲಾಸ್ ಮಾರಾಯ? ಸರಿಯಾಗಿ ಹೇಳು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಲೆಯ ಮೇಲೆ ಮುಚ್ಚಿಟ್ಟಿದ್ದ ಇನ್ನೊಂದು ಪಾತ್ರೆಯನ್ನು ಸೊಸೆ ತಂದಳು. ಮೊದಲ ಸೌಟು ಹುಡುಗಿಯ ರೊಟ್ಟಿಗೆ ಹಾಕಿ, ನಾವೆಲ್ಲ ಮತ್ತೆ ಉಣ್ಣಲು ಕೂತೆವು.